ಕುಡಿಯದೆ ಇಟ್ಟ ಬಟ್ಟಲು

"ನಾವು ಮಣ್ಣು ಮಾಡಿ ಬಂದ ಮನುಷ್ಯ ಇಲ್ಲೇನು ಮಾಡ್ತಿದಾನೆ?"

ಅಮ್ಮ ಇದನ್ನು ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ರೇಡಿಯೋದ ಪಕ್ಕದ ಗೋಡೆಯನ್ನು ನೋಡುತ್ತ ಕೇಳಿದಳು. ಖರ್ಜೂರದ ಬೀಜ ತೆಗೆಯುತ್ತಿದ್ದ ಅವಳ ಬೆರಳುಗಳು ಹಾಗೇ ನಿಂತುಬಿಟ್ಟಿದ್ದವು.

ನಾನು ಮಸೀದಿಯಿಂದ ಆಗಷ್ಟೇ ಬಂದಿದ್ದೆ. ಇಳಿಹೊತ್ತಿನ ಅಸರ್ ನಮಾಜು ಮುಗಿದು ಹಣೆಯ ಮೇಲಿನ ನೀರು ಇನ್ನೂ ಆರಿರಲಿಲ್ಲ. ರೇಡಿಯೋದಲ್ಲಿ ನಮ್ಮ ದುಹೈಮ ನಾಡಿನ ದೊರೆ ಶೇಖ್ ಶಾಹೀನರ ಕಂಠ. ನಿನ್ನೆ ಸಂಜೆ ಆಪ್ತರು ಕೂಡುವ ಮಜ್ಲಿಸಿನಲ್ಲಿ ದೊರೆ ಹೇಳಿದ ಹೊಸ ಪದ್ಯವೆಂದು ವಾರ್ತೆಯವನು ಹೆಮ್ಮೆಯಿಂದ ಹೇಳಿ ಮುಗಿಸಿದ್ದ.

ಬಾವಿ ತೋಡಿದವನು ಹೋದ, ಬಾವಿಯ ಹೆಸರು ಉಳಿಯಿತು;
ಹೆಸರಿಟ್ಟವನೂ ಹೋದ, ಒಂಟೆಗೆ ದಾರಿ ಉಳಿಯಿತು.

ನಮ್ಮಲ್ಲಿ ಪದ್ಯವನ್ನು ಹೇಳುವವನು ಒಬ್ಬನೇ ಹೇಳುವುದಿಲ್ಲ. ಸಾಲಿನ ಕೊನೆಯ ಮಾತು ಬರುವ ಹೊತ್ತಿಗೆ ಕೇಳುವವರೆಲ್ಲ ಅದನ್ನು ಎತ್ತಿಕೊಂಡು ಅವನ ಜೊತೆಗೇ ಹೇಳುತ್ತಾರೆ. ಆ ಹಿಮ್ಮೇಳ ಇಲ್ಲದ ಪದ್ಯ ಉಪ್ಪಿಲ್ಲದ ಮೀನು. ರೇಡಿಯೋದಲ್ಲೂ ಹತ್ತಾರು ಗಂಡುದನಿಗಳು ಒಟ್ಟಿಗೆ "ಉಳಿಯಿತು" ಎಂದವು. ಎಲ್ಲರೂ ಮುಗಿಸಿದ ಮೇಲೆ, ಒಂದು ಉಸಿರು ತಡವಾಗಿ, ಗಂಟಲಲ್ಲಿ ಮರಳು ಸಿಕ್ಕವನಂತೆ ಇನ್ನೊಬ್ಬ "ಉಳಿಯಿತು" ಎಂದ.

ಅದು ನನ್ನ ಅಪ್ಪ ಜುಮಾ.

ದೊರೆಯ ಮಜ್ಲಿಸಿನಲ್ಲಿ ಪದ್ಯ ಎತ್ತಿಕೊಡುವುದೇ ಅಪ್ಪನ ಜೀವನವಾಗಿತ್ತು. ಹಲ್ಲು ಬಿದ್ದ ಮೇಲೆ ದನಿ ತಡವಾಗುತ್ತಿತ್ತು; ದೊರೆ ಅದಕ್ಕಾಗಿ ಒಂದು ಗಳಿಗೆ ಕಾದು ಮುಂದಿನ ಸಾಲಿಗೆ ಹೋಗುತ್ತಿದ್ದರು. ಈಗಲೂ ಕಾದರು. ಅಪ್ಪನನ್ನು ನಾನೇ ಗೋರಿಗಿಳಿಸಿ ಮೂರು ಬೇಸಿಗೆ ಕಳೆದಿವೆ.

"ಅಮ್ಮ, ನಿಂಗೂ ಕೇಳಿಸ್ತಾ?"

"ನಲವತ್ತು ವರ್ಷ ಪಕ್ಕದಲ್ಲಿ ಮಲಗಿದೀನಿ. ಅವರ ಕೆಮ್ಮು ಗೊತ್ತಾಗಲ್ವಾ ನಂಗೆ?" ಅವಳು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. "ಈ ಪದ್ಯ ಹೊಸದಲ್ಲ ಮಗಾ. ಗಿಡುಗದ ಬೇಟೆಗೆ ಹೋಗಿದ್ರಲ್ಲ, ಆ ಬಿಡಾರದಲ್ಲಿ ಹೇಳಿದ್ದು. ಹೊರಗೆ ಯಾರಿಗೂ ಹೇಳ್ಬೇಡಿ ಅಂದಿದ್ರಂತೆ ದೊರೆ. ಅಪ್ಪ ಮನೆಗೆ ಬಂದು ನಂಗೆ ಹೇಳಿದ್ರು. ಹೆಂಡ್ತಿ ಹೊರಗಿನೋಳಲ್ವಲ್ಲ."

"ಅಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದು ಯಾರು?"

"ಇನ್ಯಾರು, ಮತ್ತರ್. ಒಲೆ ಪಕ್ಕ ಅವನದೊಂದು ಪೆಟ್ಟಿಗೆ ಇರ್ತಿತ್ತಲ್ಲ. ದೊರೆ ಬೇರೆ ಯಾರಿಗೂ ಇಡೋಕೆ ಬಿಡ್ತಿರ್ಲಿಲ್ಲ." ಅಮ್ಮ ಮುಸುಕನ್ನು ಮುಖದ ಮೇಲೆ ಎಳೆದುಕೊಂಡಳು. ಅಳುವನ್ನು ಮರೆಮಾಡಲು ಎಂದುಕೊಂಡೆ. "ನಾಚಿಕೆ ಆಗುತ್ತೆ ಖಲ್ಫಾನ್. ಗೋರಿಲಿರೋ ಮನುಷ್ಯನ್ನ ಕರ್ಕೊಂಡು ಬಂದು ಸುಳ್ಳಿಗೆ ಹಿಮ್ಮೇಳ ಹಾಕಿಸ್ತಿದಾರೆ. ಅವರು ಒಂದು ದಿನಾನೂ ಸುಳ್ಳು ಹೇಳಿದೋರಲ್ಲ."

ನಾನು ರೇಡಿಯೋ ಆರಿಸಿದೆ. ಆರಿಸುವಾಗ ಅಪ್ಪನ ಬಾಯಿಯನ್ನೇ ಮುಚ್ಚಿದಂತಾಯಿತು.

ಮತ್ತರ್ ಎಂದರೆ ದೊರೆಗೆ ಕಾಫಿ ಕಾಸುವವನು, ಅಪ್ಪನ ಗೆಳೆಯ. ರಂಜಾನ್ ಹಬ್ಬದ ಮಾರನೆಯ ದಿನದಿಂದ ಅವನು ಕಾಣೆ; ದೊರೆಯೂ ಅಂದಿನಿಂದ ಯಾರ ಕಣ್ಣಿಗೂ ಬಿದ್ದಿಲ್ಲ. ದೊರೆ ತೀರಿಕೊಂಡರೆಂದು ಸುಳ್ಳು ಸುದ್ದಿ ಹಬ್ಬಿಸಿ ಗಡಿ ದಾಟಿ ಓಡಿಹೋದ ಎಂಬುದು ಅರಮನೆಯ ಮಾತು. ನಾನು ಪೊಲೀಸ್, ತನಿಖೆ ನನ್ನದು. ಓಡಿಹೋಗಿದ್ದು ನಿಜವೆಂದು ನಾಳೆ ಬೆಳಿಗ್ಗೆ ನಾನು ರುಜು ಹಾಕಬೇಕು. ಹಾಕಿದರೆ ಮತ್ತರನ ಹೆಸರಿನ ಜೊತೆಗೆ ಅವನ ಒಬ್ಬಳೇ ಮಗಳು ಮೌಝಾಳ ಹೆಸರೂ ನಾಡಿನ ಪ್ರಜೆಗಳ ಪಟ್ಟಿಯಿಂದ ಹೋಗುತ್ತದೆ. ಆಮೇಲೆ ಅವಳಿಗೆ ಕೆಲಸವಿಲ್ಲ, ಮನೆಯಿಲ್ಲ, ಹೋಗೋಣವೆಂದರೆ ಪಾಸ್‌ಪೋರ್ಟೂ ಇಲ್ಲ.

ಬಾಗಿಲಲ್ಲಿ ಹಾರ್ನ್ ಕೇಳಿಸಿತು. ಅವಳೇ.

"ಏನಣ್ಣ, ನಾಳೆ ರುಜುಗೆ ಪೆನ್ನಿಗೆ ಇಂಕ್ ತುಂಬ್ತಿದ್ರಾ?" ಮೌಝಾ ಗಾಡಿಯ ಕಿಟಕಿ ಇಳಿಸಿ ಕೇಳಿದಳು. ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಹುಡುಗಿ. ಬೆರಳ ತುದಿಯಲ್ಲಿ ಯಾವುದೋ ಆ್ಯಸಿಡ್ಡಿನ ಹಳದಿ ಕಲೆ. "ನಾನು ದಿನಾ ಬಂದು ನಿಮ್ಮ ಬಾಗಿಲಲ್ಲಿ ನಿಲ್ಲೋದು ನಾಳೆಯಿಂದ ತಪ್ಪುತ್ತೆ. ಖುಷಿಯಾಗಿರಿ."

"ಶೇಖ್ ಸರ್ಹಾನ್ ಮನೆಗೆ ಬಿಡ್ತೀಯಾ?"

ಅವಳು ನನ್ನ ಮುಖ ನೋಡಿದಳು, ಮತ್ತೆ ಕೊಂಕು ಮಾತಾಡಲಿಲ್ಲ. ಸರ್ಹಾನ್ ದೊರೆಯ ತಮ್ಮ. ಅಣ್ಣ ಮರೆಯಾದಾಗಿನಿಂದ ಎಲ್ಲ ಅಪ್ಪಣೆಗಳೂ ಅವರ ಕೈಯಿಂದಲೇ ಬರುತ್ತಿದ್ದವು.

ದಾರಿಯಲ್ಲಿ ಮೌಝಾ ಸುಮ್ಮನಿರಲಾರದೆ ಶುರು ಮಾಡಿದಳು. "ಇವತ್ತಿನ ವರದಿ ಬೇಕಾ? ಮೀನು ಮಾರ್ಕೆಟ್ ಲೆಕ್ಕದಲ್ಲಿ ದೊರೆ ಸತ್ತು ತಿಂಗಳಾಯ್ತು. ನಮ್ಮ ಸ್ಟಾಫ್ ರೂಮಲ್ಲಿ ಜಿನೀವಾಕ್ಕೆ ಹೋಗಿ ಹೊಸ ಮಂಡಿ ಹಾಕಿಸ್ಕೊಳ್ತಿದಾರೆ. ಅತ್ತೆ ಹೇಳೋ ಪ್ರಕಾರ ತಮ್ಮನೇ ನೆಲಮಾಳಿಗೇಲಿ ಕೂಡಿಹಾಕಿದಾನೆ. ಕ್ಷೌರದಂಗಡಿಯೋನು ಮೂರನೇ ಮದುವೆ ಅಂತಾನೆ. ಪಾಪ, ಒಬ್ಬ ದೊರೆಗೆ ಎಷ್ಟು ಕೆಲಸ."

"ನಿಮ್ಮಪ್ಪ ಏನಂತಿದ್ರು?"

"ಅಪ್ಪನ ಬಾಯಿ ಬಿಡ್ಸೋಕೆ ಆಗ್ತಿತ್ತಾ? ದೊರೆಗೆ ನೆಗಡಿ ಬಂದ್ರೂ ಮನೇಲಿ ಹೇಳ್ತಿರ್ಲಿಲ್ಲ. ಅಂಥೋರು ಪೇಟೆಗೆ ಹೋಗಿ ದೊರೆ ಸತ್ರು ಅಂತ ಸಾರಿದ್ರಂತೆ."

ಮತ್ತರನ ಮನೆಯನ್ನು ಶೋಧಿಸಿದ್ದು ನಾನೇ. ಪಾಸ್‌ಪೋರ್ಟ್ ಕಪಾಟಿನಲ್ಲಿತ್ತು. ಸಕ್ಕರೆ ಕಾಯಿಲೆಯ ಮಾತ್ರೆ ಮಂಚದ ಪಕ್ಕದಲ್ಲಿತ್ತು. ರೆಕಾರ್ಡರಿನ ತೊಗಲಿನ ಚೀಲವೂ ಮೊಳೆಯಲ್ಲಿ ನೇತಾಡುತ್ತಿತ್ತು, ಒಳಗೆ ಏನೂ ಇರಲಿಲ್ಲ. ಆಗ ಅದು ನನಗೆ ದೊಡ್ಡದಾಗಿ ಕಂಡಿರಲಿಲ್ಲ. ಗಡಿ ದಾಟುವವನು ಪಾಸ್‌ಪೋರ್ಟೂ ಮಾತ್ರೆಯೂ ಬಿಟ್ಟು ಹಾಡಿನ ಪೆಟ್ಟಿಗೆ ಹೊತ್ತುಕೊಂಡು ಓಡುತ್ತಾನೆಯೇ?

ಆ ಪೆಟ್ಟಿಗೆಯೊಳಗಿನ ಪದ್ಯ ಇವತ್ತು ಅರಮನೆಯ ರೇಡಿಯೋದಲ್ಲಿ ಬಂತು. ಹಾಗಾದರೆ ಪೆಟ್ಟಿಗೆ ಅವರ ಕೈಯಲ್ಲಿದೆ. ಪೆಟ್ಟಿಗೆಯವನೂ ಅವರ ಕೈಯಲ್ಲಿರಬೇಕು. ದೊರೆ ಬದುಕಿದ್ದರೆ ಹಳೆಯ ಪದ್ಯದ ಅಗತ್ಯವೇನಿತ್ತು? ಮೌಝಾಳಿಗೆ ಅರ್ಧವನ್ನಷ್ಟೇ ಹೇಳಿದೆ.

"ನಿಮ್ಮಪ್ಪ ಊರಲ್ಲೇ ಇದಾರೆ ಅನ್ಸುತ್ತೆ."

ಅವಳು ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಹೊರಡಿಸಿದಳು. "ಬರೋವಾಗ ಹಿಂದಿನ ಸೀಟಲ್ಲಿ ಕೂರಿ ಅಣ್ಣ. ಮುಂದಿನದು ಅಪ್ಪಂಗೆ."

ಸರ್ಹಾನರ ಮಜ್ಲಿಸಿನ ಬಾಗಿಲು ಅಸರ್ ಆದಮೇಲೆ ಎಲ್ಲರಿಗೂ ತೆರೆದಿರುತ್ತದೆ. ದೊರೆಯ ಮಜ್ಲಿಸು ಕೂಡುತ್ತಿದ್ದುದೂ ಅವರ ತಂದೆಯ ಕಾಲದ ಈ ಮನೆಯಲ್ಲೇ. ಮೌಝಾ ಹೊರಗೆ ಘಫ್ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿ ಉಳಿದಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಚಿಕ್ಕವನಿದ್ದಾಗ ಅಪ್ಪನ ಬೆನ್ನಿಗೆ ಅಂಟಿ ಕೂತು ಪದ್ಯ ಕೇಳಿದ್ದು ಇದೇ ಜಮಖಾನದ ಮೇಲೆ. ಇಲ್ಲಿ ಪೊಲೀಸನಾಗಿ ಕೂರಬೇಕಾಗುತ್ತದೆಂದು ಅಂದುಕೊಂಡಿರಲಿಲ್ಲ. ಸಲಾಮು ಹೇಳಿದೆ.

"ಬಾ ಜುಮಾನ ಮಗನೇ, ಹತ್ರ ಬಾ," ಎಂದರು ಸರ್ಹಾನ್. ಕಣ್ಣು ಕೆಂಪಗಾಗಿದ್ದವು. ಅವರ ಬಲಕ್ಕೆ ಅಣ್ಣನ ದಿಂಬು ಖಾಲಿ ಇತ್ತು. ಬಂದವರೆಲ್ಲ ಅದರ ಕಡೆ ನೋಡದಂತೆ ಕಷ್ಟಪಟ್ಟು ಕೂತಿದ್ದರು.

"ಪದ್ಯ ಕೇಳಿದ್ಯಾ?" ಪಕ್ಕದಲ್ಲಿದ್ದ ಮುದುಕ ಉಬೈದ್ ನನ್ನ ತೊಡೆ ತಟ್ಟಿದ. ಈ ಮನೆಯಲ್ಲಿ ಯಾರನ್ನು ಬೇಕಾದರೂ ಕೆಣಕುವ ಸಲಿಗೆ ಅವನೊಬ್ಬನಿಗೆ ಇತ್ತು. "ದೊರೆ ಕಂಠ ನೋಡು, ಇಪ್ಪತ್ತು ವರ್ಷ ಚಿಕ್ಕದಾಗಿದೆ. ಜಿನೀವಾ ಹವೆ ಅಂತೀನಿ ನಾನು. ನಂಗೂ ಒಂದು ಟಿಕೆಟ್ ಕೊಡ್ಸೋ ಸರ್ಹಾನ್."

ಯಾರೂ ನಗಲಿಲ್ಲ.

ಕಾಫಿ ಬಂತು. ತಂದವನು ಹೊಸಬ, ಎಲ್ಲಿಂದಲೋ ಬಾಡಿಗೆಗೆ ಕರೆಸಿದ ಆಳಿರಬೇಕು. ಎಲ್ಲರಿಗೂ ಹೊಯ್ದು ನನ್ನ ಬಳಿ ಬರುವ ಹೊತ್ತಿಗೆ ಕೈಯಲ್ಲಿದ್ದ ಪಾತ್ರೆ ಬರಿದಾಗಿತ್ತು. ಅವನು ಒಳಗೆ ಹೋಗಿ ಇನ್ನೊಂದು ಪಾತ್ರೆ ಎತ್ತಿಕೊಂಡು ಬಂದು ನನ್ನ ಬಟ್ಟಲನ್ನು ಅಂಚಿನವರೆಗೆ ತುಂಬಿಬಿಟ್ಟ.

ನಮ್ಮಲ್ಲಿ ಅತಿಥಿಗೆ ಹೊಯ್ಯುವುದು ಎರಡು ಗುಟುಕು. ತುಂಬಿದ ಬಟ್ಟಲು ಕೊಟ್ಟರೆ ಕುಡಿದು ಎದ್ದು ಹೋಗು ಎಂದು ಅರ್ಥ. ಸುತ್ತ ಕೂತವರು ತಲೆ ತಗ್ಗಿಸಿದರು. ಸರ್ಹಾನರ ಕಿವಿ ಕೆಂಪಾಯಿತು.

"ತಿಳೀದವ್ನು, ಕ್ಷಮಿಸು," ಎಂದರು ಮೆಲ್ಲಗೆ.

ನನಗೆ ಅದು ಅವಮಾನವೆನಿಸಲು ಪುರುಸೊತ್ತಿರಲಿಲ್ಲ. ಬಟ್ಟಲಿನಿಂದ ಎದ್ದ ಹಬೆ ಮೂಗಿಗೆ ತಾಗಿತ್ತು. ಅದರಲ್ಲಿ ಏಲಕ್ಕಿ ಇರಲಿಲ್ಲ. ಒಣ ನಿಂಬೆಯ ಸಿಪ್ಪೆಯ ವಾಸನೆ.

ಏಲಕ್ಕಿ ಎದೆಗೆ ಹಿಡಿಯುತ್ತದೆಂದು ದೊರೆ ಶಾಹೀನರಿಗೆ ಬೇರೆ ಕಾಫಿ, ಬೇರೆ ಪಾತ್ರೆ. ನಸು ಹುರಿದ ಬೀಜ, ಸುಟ್ಟ ಒಣ ನಿಂಬೆಯ ಸಿಪ್ಪೆ. ಮತ್ತರ್ ಅದನ್ನು ಯಾರಿಗೂ ಕಲಿಸಿರಲಿಲ್ಲ. ಯಾರೂ ಕಲಿಯಲು ಹೋಗಿರಲಿಲ್ಲ, ದೊರೆಯ ಪಾತ್ರೆಗೆ ಕೈ ಹಾಕುವ ಯೋಚನೆಯೇ ನಮ್ಮವರಿಗೆ ಬರುವುದಿಲ್ಲ. ಈ ಆಳಿಗೆ ಅದು ಗೊತ್ತಿಲ್ಲ. ಒಳಗೆ ಕೆಂಡದ ಮೇಲೆ ಎರಡು ಪಾತ್ರೆ ಕಂಡಿವೆ, ಕೈಗೆ ಹತ್ತಿರದ್ದನ್ನು ತಂದಿದ್ದಾನೆ.

ಬಟ್ಟಲು ಬೆರಳನ್ನು ಸುಡುತ್ತಿತ್ತು. ಈಗ ತಾನೇ ಕಾಸಿದ್ದು.

ಅಂದರೆ ಮತ್ತರ್ ಈ ಮನೆಯಲ್ಲಿದ್ದಾನೆ. ಆದರೆ ಅವನು ಈ ಕಾಫಿ ಕಾಸುತ್ತಿರುವುದು ಯಾರಿಗೆ? ಸತ್ತವರಿಗೆ ಯಾರೂ ಕಾಫಿ ಕಾಸುವುದಿಲ್ಲ.

ಕೇಳಲು ಹಾದಿ ಒಂದೇ ಇತ್ತು. ಅದನ್ನು ತುಳಿಯುವುದಕ್ಕೆ ನನಗೆ ನಾಚಿಕೆಯಾಯಿತು. ಅಪ್ಪ ಈ ಮನೆಯಲ್ಲಿ ಆಯುಷ್ಯವೆಲ್ಲ ಕಳೆದ, ಒಮ್ಮೆಯೂ ಹಾಗೆ ಮಾಡಿದವನಲ್ಲ. ಹೊರಗೆ ಘಫ್ ಮರದ ಕೆಳಗೆ ಮುಂದಿನ ಸೀಟು ಖಾಲಿ ಬಿಟ್ಟು ಕೂತವಳನ್ನು ನೆನೆದೆ. ಮನಸ್ಸಿನಲ್ಲಿ ದೇವರ ಹೆಸರು ಹೇಳಿಕೊಂಡೆ. ತುಂಬಿದ ಬಟ್ಟಲನ್ನು ತುಟಿಗೆ ಮುಟ್ಟಿಸದೆ ಜಮಖಾನದ ಮೇಲೆ ಇಟ್ಟೆ.

ಸುತ್ತಲಿನವರು ಬಟ್ಟಲಿನ ಕಡೆ ತಿರುಗಿದರು.

"ಸರ್ಹಾನ್," ಎಂದ ಮುದುಕ ಉಬೈದ್. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ನಿನ್ನ ಅತಿಥಿ ಬಟ್ಟಲು ಕೆಳಗಿಟ್ಟಿದಾನೆ."

"ಕಾಣಿಸ್ತಿದೆ."

"ಅವನದೇನೋ ಬೇಡಿಕೆ ಇದೆ. ನೀನು ಮಾತು ಕೊಡೋ ತನಕ ಅವನು ಕುಡಿಯಲ್ಲ. ನಿಮ್ಮಪ್ಪನ ಕಾಲದಲ್ಲಿ ಈ ಮನೆಯಿಂದ ಕಾಫಿ ಕುಡೀದೆ ಎದ್ದು ಹೋದೋರಿಲ್ಲ."

"ನಂಗೆ ನಮ್ಮಪ್ಪನ್ನ ನೆನಪಿಸ್ಬೇಡ ಉಬೈದ್." ಸರ್ಹಾನ್ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಕೋಪ ಕಂಡಿದ್ದರೆ ನನಗೆ ಸುಲಭವಾಗುತ್ತಿತ್ತು. "ಕುಡಿ ಮಗಾ. ನೀನು ಕೇಳೋದು ನನ್ನ ಕೈಲಿದ್ರೆ ಕೊಟ್ಟೆ."

ಕೇಳುವ ಮೊದಲೇ ಕೊಟ್ಟರು. ಅವರ ಮನೆತನದವರು ಹಾಗೆಯೇ.

"ಈ ಕಾಫಿ ಹುರಿದ ಕೈ ನನ್ನ ಜೊತೆ ತನ್ನ ಮನೆಗೆ ಬರಲಿ," ಎಂದೆ.

ಸರ್ಹಾನ್ ಅರ್ಥವಾಗದೆ ಬಟ್ಟಲು ನೋಡಿದರು. ಬಾಗಿ ಹತ್ತಿರ ಬಂದರು. ವಾಸನೆ ಅವರಿಗೂ ತಾಗಿತು. ಅವರು ಆ ಆಳಿನ ಕೈಯಲ್ಲಿದ್ದ ಪಾತ್ರೆ ನೋಡಿದರು, ಒಳಬಾಗಿಲ ಪರದೆ ನೋಡಿದರು, ಮತ್ತೆ ನನ್ನನ್ನು ನೋಡಲಿಲ್ಲ.

"ಧೂಪ ತನ್ನಿ," ಎಂದರು.

ಧೂಪ ಬಂದರೆ ಮಜ್ಲಿಸು ಮುಗಿಯಿತೆಂದು ಅರ್ಥ. ಅಗರಿನ ಹೊಗೆಯನ್ನು ಗಡ್ಡಕ್ಕೆ, ತಲೆವಸ್ತ್ರಕ್ಕೆ ಹಿಡಿಸಿಕೊಂಡು ಒಬ್ಬೊಬ್ಬರೇ ಎದ್ದರು. ಯಾರ ಕಣ್ಣೂ ಯಾರನ್ನೂ ಸಂಧಿಸಲಿಲ್ಲ. ಉಬೈದ್ ಮಾತ್ರ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ ಗೊಣಗಿದ. "ಬಿಸಿಲಿನ್ನೂ ಇಳಿದಿಲ್ಲ, ಧೂಪ ಬಂತು. ಇವತ್ತು ಮೀನು ಮಾರ್ಕೆಟ್‌ನೋರಿಗೆ ಹಬ್ಬ."

ನಾವಿಬ್ಬರೇ ಉಳಿದೆವು. ನಡುವೆ ಬಟ್ಟಲು.

"ಹೆಂಗೆ ಗೊತ್ತಾಯ್ತು ನಿಂಗೆ?" ಸರ್ಹಾನ್ ಕೇಳಿದರು.

"ನನ್ನಪ್ಪ ನಿಮ್ಮ ರೇಡಿಯೋದಲ್ಲಿದ್ರು."

ಅವರು ತಟಕ್ಕನೆ ತಲೆ ಎತ್ತಿದರು.

"ಹಿಮ್ಮೇಳದಲ್ಲಿ. ಎಲ್ಲರಿಗಿಂತ ಕೊನೆಗೆ."

"ಯಾರಿಗೂ ತಿಳಿಯಲ್ಲ ಅಂದ್ಕೊಂಡ್ವಿ," ಎಂದರು.

"ಅಮ್ಮಂಗೆ ತಿಳೀತು."

ಸರ್ಹಾನ್ ಅಂಗೈಯಿಂದ ಮುಖ ಒರೆಸಿಕೊಂಡರು. ನಾಡಿಗೆ ಅಪ್ಪಣೆ ಕೊಡುತ್ತಿದ್ದ ಮನುಷ್ಯ ನನ್ನೆದುರು ಸಿಕ್ಕಿಬಿದ್ದ ವಿದ್ಯಾರ್ಥಿಯಂತೆ ಕೂತಿದ್ದರು. ನೋಡಲಾಗದೆ ನಾನು ಜಮಖಾನದ ಅಂಚು ನೋಡಿದೆ.

"ಆಕೆಗೆ ಹೇಳು... ಏನು ಹೇಳ್ತೀಯ. ಏನೂ ಹೇಳ್ಬೇಡ. ನಾನೇ ಬಂದು ಹೊಸ್ತಿಲಲ್ಲಿ ನಿಲ್ತೀನಿ ಒಂದು ದಿನ."

"ದೊರೆ ಬದುಕಿದಾರಾ?"

"ನೀನು ಕೇಳಿದ್ದು ಮತ್ತರನ್ನ. ಅದಕ್ಕಷ್ಟೇ ನಾನು ಮಾತು ಕೊಟ್ಟಿದ್ದು."

"ಅವರನ್ನ ಯಾಕೆ ಕೂಡಿಹಾಕಿದೀರಿ?"

"ಕೂಡಿಹಾಕೋದಾ?" ಸರ್ಹಾನ್ ನಗಲು ಹೋಗಿ ಕೈಬಿಟ್ಟರು. "ಆ ಬಾಗಿಲಿಗೆ ಚಿಲಕ ಕೂಡ ಇಲ್ಲ. ಅವನು ಬಂದ್ರೆ ಕರ್ಕೊಂಡು ಹೋಗು. ನಾನು ತಡೆಯಲ್ಲ, ನನ್ನ ಕಾವಲಿನೋರು ತಡೆಯಲ್ಲ. ದೇವರ ಆಣೆ." ಅವರು ಪರದೆಯ ಕಡೆ ಮುಖ ಮಾಡಿ, ಆಳನ್ನು ಕರೆಯುವಂತಲ್ಲ, ಹಿರಿಯಣ್ಣನನ್ನು ಕರೆಯುವಂತೆ ಕರೆದರು. "ಮತ್ತರ್, ಬಾರಪ್ಪ. ನಿನ್ನ ಪಾತ್ರೆ ಅದಲುಬದಲಾಗಿದೆ."

ಪರದೆ ಸರಿಯಿತು.

ಸೊರಗಿದವನನ್ನು, ಹೆದರಿದವನನ್ನು, ಬಹುಶಃ ಪೆಟ್ಟು ತಿಂದವನನ್ನು ನೋಡಲು ನಾನು ಸಿದ್ಧನಾಗಿದ್ದೆ. ಬಂದವನು ಗಂಜಿ ಹಾಕಿದ ಬಿಳಿ ನಿಲುವಂಗಿ ತೊಟ್ಟಿದ್ದ. ಗಡ್ಡ ಕತ್ತರಿಸಿಕೊಂಡಿದ್ದ. ತೋಳು ಮೊಣಕೈವರೆಗೆ ಮಡಚಿತ್ತು, ಬೆರಳುಗಳಲ್ಲಿ ಹುರಿದ ಬೀಜದ ಕರಿ. ಅವನ ಸೊಂಟದಲ್ಲಿ, ತೊಗಲಿನ ಚೀಲವಿಲ್ಲದೆ, ಆ ರೆಕಾರ್ಡರ್ ಇತ್ತು.

ಅದನ್ನು ಅವನಿಂದ ಯಾರೂ ಕಿತ್ತುಕೊಂಡಿರಲಿಲ್ಲ. ಅಪ್ಪನ ದನಿಯನ್ನು ರೇಡಿಯೋಗೆ ಕೊಟ್ಟವನು ಅಪ್ಪನ ಗೆಳೆಯನೇ.

ಅವನು ನನ್ನ ಸಲಾಮಿಗೆ ಮರುಸಲಾಮು ಹೇಳಿದ, ಮುಖವನ್ನು ಮಾತ್ರ ನೋಡಲಿಲ್ಲ. ಮಂಡಿಯೂರಿ ಕೂತು, ನಾನಿಟ್ಟ ಬಟ್ಟಲನ್ನೇ ನೋಡಿದ. ಯಾರೋ ಅವನ ಮನೆಯ ಒಳಬಟ್ಟೆಯನ್ನು ಬೀದಿಗೆ ತಂದಿಟ್ಟಿದ್ದಾರೇನೋ ಎಂಬಂತೆ ಅವನ ಕಣ್ಣು ಇಳಿಯಿತು.

"ಇದು ಅತಿಥಿಗೆ ಕೊಡೋದಲ್ಲ," ಎಂದ.

"ಗೊತ್ತು. ಮತ್ತರ್ ಮಾವ, ನೀವು ಓಡಿಹೋದ್ರಿ ಅಂತ ಊರೆಲ್ಲ ಹೇಳ್ತಿದೆ."

"ಹೇಳ್ಲಿ."

"ನಾಳೆ ನಾನು ರುಜು ಹಾಕ್ಬೇಕು. ಹಾಕಿದ್ರೆ ನಿಮ್ಮ ಹೆಸರು ಹೋಗೋದಷ್ಟೇ ಅಲ್ಲ, ಮೌಝಾಳದೂ ಹೋಗುತ್ತೆ. ಅವಳಿಗೆ ಈ ನಾಡೂ ಇಲ್ಲ, ಇನ್ನೊಂದೂ ಇಲ್ಲ."

ಬಟ್ಟಲಿನ ಕಡೆ ಚಾಚಿದ್ದ ಅವನ ಕೈ ಅಲ್ಲೇ ನಿಂತಿತು. ಅದು ಅವನಿಗೆ ಗೊತ್ತಿರಲಿಲ್ಲ. ಅವನು ಸರ್ಹಾನರನ್ನು ನೋಡಿದ. ಸರ್ಹಾನ್ ಖಾಲಿ ದಿಂಬಿನ ಕಡೆ ತಿರುಗಿಕೊಂಡರು.

"ಅವಳು ಹೊರಗಿದಾಳೆ," ಎಂದೆ. "ಮರದ ಕೆಳಗೆ, ಗಾಡೀಲಿ. ಮುಂದಿನ ಸೀಟು ಬಿಟ್ಕೊಂಡು ಕೂತಿದಾಳೆ ನಿಮಗೆ. ಮನೆಗೂ ಬರೋದು ಬೇಡ. ಅಂಗಳದ ತನಕ ಬಂದು ಮುಖ ತೋರಿಸಿ. ಕಣ್ಣಾರೆ ನೋಡ್ದೆ, ಇಲ್ಲೇ ಇದಾರೆ ಅಂತ ನಾನು ಬರೀತೀನಿ. ಅಷ್ಟೇ ಕೇಳ್ತಿರೋದು. ಎದ್ದೇಳಿ ಮಾವ."

ಮತ್ತರನ ಎಡಗೈ ಜಮಖಾನದ ಮೇಲೆ ಊರಿತು, ಏಳುವವನ ಹಾಗೆ.

ಆಗ ಪರದೆಯ ಹಿಂದೆ, ಒಳಮನೆಯ ದೂರದ ಮೂಲೆಯಲ್ಲಿ, ಯಾರೋ ಬಟ್ಟಲನ್ನು ಹಿತ್ತಾಳೆ ತಟ್ಟೆಗೆ ಕುಟ್ಟಿದರು. ನಿಧಾನವಾಗಿ, ಬಿಟ್ಟು ಬಿಟ್ಟು, ಕೈ ಸ್ವಾಧೀನದಲ್ಲಿಲ್ಲದವರು ಕುಟ್ಟುವಂತೆ. ಒಂದು ಸಾಲು ಮುಗಿಸಿ ಹಿಮ್ಮೇಳಕ್ಕೆ ಕಾಯುವಷ್ಟು ಹೊತ್ತು ಸುಮ್ಮನಾಯಿತು. ಮತ್ತೆ ಕುಟ್ಟಿದರು.

ದುಹೈಮದ ಶೇಖ್ ಸರ್ಹಾನ್ ಕಣ್ಣು ಮುಚ್ಚಿಕೊಂಡರು.

ಮತ್ತರ್ ನನ್ನ ಮುಂದಿದ್ದ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಒಂದು ಹನಿ ಚೆಲ್ಲಲಿಲ್ಲ. ಮೊದಲ ಸಲ ನನ್ನ ಮುಖ ನೋಡಿದ, ಕಣ್ಣು ತುಂಬಿದ್ದವು.

"ಇಲ್ಲ ಜುಮಾನ ಮಗನೇ," ಎಂದ. "ನಾನು ಬರಲ್ಲ. ನಾನಿಲ್ಲಿದೀನಿ ಅಂದ್ರೆ ಒಳಗೆ ಯಾರಿದಾರೆ ಅಂತಲೂ ಊರಿಗೆ ತಿಳಿಯುತ್ತೆ. ಓಡಿಹೋದ ಅಂತಲೇ ಬರಿ."